ಮ್ಯಾಟ್‌ಲ್ಯಾಬ್‌ನಲ್ಲಿ ಮಳೆ ಬರುವುದಿಲ್ಲ

ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಒಂದು ಬಯಲು. ಮರವಿಲ್ಲ, ಬಂಡೆಯಿಲ್ಲ, ಏರುತಗ್ಗಿಲ್ಲ. ದನ ಬರುವುದಿಲ್ಲ, ಇರುವೆ ಹತ್ತುವುದಿಲ್ಲ, ಮಳೆಯಂತೂ ಇಲ್ಲವೇ ಇಲ್ಲ. ಅಲ್ಲಿ ನೂರು ಸೆನ್ಸರ್ ನೋಡ್‌ಗಳು ಎರಚಿದಂತೆ ಬಿದ್ದಿವೆ. ಎಲ್ಲಕ್ಕೂ ಒಂದೇ ಅಳತೆಯ ಬ್ಯಾಟರಿ. ಎಲ್ಲದರ ಮಾತೂ ಒಂದೇ ಅಳತೆಯ ವೃತ್ತದೊಳಗೆ ಚೊಕ್ಕವಾಗಿ ಕೇಳುತ್ತದೆ, ಯಾವುದೂ ತಪ್ಪು ಅಂಕಿ ಹೇಳುವುದಿಲ್ಲ. ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಂದ ಬರುವ ಪ್ರಾಜೆಕ್ಟ್ ವರದಿ, ಎಂ.ಟೆಕ್. ಪ್ರಬಂಧ, ಕಡೆಗೆ ಪಿಎಚ್.ಡಿ. ಮಹಾಪ್ರಬಂಧಗಳಲ್ಲಿ ನಾನು ಓದಿದ ಬಹುಪಾಲು ಈ ಬಯಲಿನಲ್ಲಿ ಹುಟ್ಟಿ ಈ ಬಯಲಿನಲ್ಲೇ ಮುಗಿದಿವೆ. ಪೀಠಿಕೆಯಲ್ಲಿ ಮಾತ್ರ ರೈತನ ಹೊಲ, ಕಾಡ್ಗಿಚ್ಚು, ಭೂಕುಸಿತ, ಹಳೆಯ ಸೇತುವೆ ಎಲ್ಲವೂ ಒಮ್ಮೆ ಮುಖ ತೋರಿಸಿ ಹೋಗುತ್ತವೆ. ಎರಡನೇ ಅಧ್ಯಾಯದ ನಂತರ ಅವುಗಳ ಸುಳಿವಿಲ್ಲ.

ಇಂಥ ಸಂಶೋಧನೆಯನ್ನು ಯೋಜಿಸುವುದು ಹೇಗೆ ಎಂದು ವಿದ್ಯಾರ್ಥಿ ಕೇಳಿದರೆ ಸಿಗುವ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮೊದಲು ಒಂದು ಬೇಸ್ ಪೇಪರ್ ಹಿಡಿ. ಅದರ ಪ್ರೋಟೋಕಾಲ್‌ನಲ್ಲಿ ಒಂದು ಕೊರತೆ ಹುಡುಕು. ಕ್ಲಸ್ಟರ್ ಹೆಡ್, ಅಂದರೆ ನೋಡ್‌ಗಳ ಗುಂಪಿನ ಮುಖಂಡನನ್ನು, ಆರಿಸುವ ಸೂತ್ರಕ್ಕೆ ಇನ್ನೊಂದು ಪದ ಸೇರಿಸು. ಹಿಂದೆ ಫಜಿ ಲಾಜಿಕ್ ಸೇರಿಸುತ್ತಿದ್ದರು, ಈಗ ಮಷೀನ್ ಲರ್ನಿಂಗ್. ಮ್ಯಾಟ್‌ಲ್ಯಾಬ್, ಎನ್‌ಎಸ್-2ರಂಥ ತಂತ್ರಾಂಶದಲ್ಲಿ ಸಿಮ್ಯುಲೇಷನ್ ಓಡಿಸು. ಗ್ರಾಫಿನಲ್ಲಿ ನಿನ್ನ ಗೆರೆ ಹಳೆಯ ಗೆರೆಗಿಂತ ಮೇಲಿರುವಂತೆ ನೋಡಿಕೋ. ನಿಜವಾದ ಜಾಗದಲ್ಲಿ ಅಳವಡಿಸುವ ಮಾತನ್ನು ಕೊನೆಯ ಪುಟದ ಫ್ಯೂಚರ್ ವರ್ಕ್‌ಗೆ ಸೇರಿಸಿ ಕೈತೊಳೆದುಕೋ.

ಈ ಉತ್ತರವನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಇದನ್ನು ಹೇಳುವವರಲ್ಲಿ ಶ್ರಮಜೀವಿಗಳೂ ಬುದ್ಧಿವಂತರೂ ಇದ್ದಾರೆ. ಅವರ ಮಾತಿನ ಹಿಂದೆ ಒಂದು ಗಟ್ಟಿಯಾದ ನಂಬಿಕೆ ಇದೆ: ಅಲ್ಗಾರಿದಮ್ ಮಾಡುವುದು ಸಂಶೋಧನೆ, ಡಬ್ಬಿ ಕೊರೆದು, ಕಂಬ ನೆಟ್ಟು, ಸೆಲ್ ಬದಲಿಸುವುದು ಮೆಕ್ಯಾನಿಕ್ ಕೆಲಸ. ಮೊದಲನೆಯದು ಮುಗಿದ ಮೇಲೆ ಎರಡನೆಯದನ್ನು ಯಾರಾದರೂ ಮಾಡಿಕೊಳ್ಳಬಹುದು. ನನ್ನ ತಕರಾರು ಈ ನಂಬಿಕೆಯ ಮೇಲೆ. ಈ ವಿಷಯದಲ್ಲಿ ನಮಗೆ ಗೊತ್ತಿಲ್ಲದ್ದು, ಊಹೆಗೆ ನಿಲುಕದ್ದು, ಹುಡುಕಿದರೆ ಹೊಸದಾಗಿ ಸಿಗುವಂಥದ್ದು ಇರುವುದೆಲ್ಲ ಆ ಡಬ್ಬಿ, ಕಂಬ, ಸೆಲ್‌ಗಳ ಸುತ್ತಲೇ. ಅದನ್ನು ಕೊನೆಗಿಟ್ಟು ಮಾಡಿದ ಯೋಜನೆಯಲ್ಲಿ ಸಂಶೋಧಿಸಲು ಏನೂ ಉಳಿದಿರುವುದಿಲ್ಲ.

ಆ ಬಯಲು ಎಲ್ಲಿಂದ ಬಂತು ಎಂದು ಹಿಂದೆ ಹೋದರೆ ಸಿಗುವುದು ಎಂಐಟಿಯ ವೆಂಡಿ ಹೈನ್ಜೆಲ್ಮನ್, ಅನಂತ ಚಂದ್ರಕಾಸನ್, ಹರಿ ಬಾಲಕೃಷ್ಣನ್ ರೂಪಿಸಿದ ಲೀಚ್ ಪ್ರೋಟೋಕಾಲ್. 2000ದಲ್ಲಿ ಹವಾಯಿಯ ಸಮ್ಮೇಳನವೊಂದರಲ್ಲಿ ಬಂತು, 2002ರಲ್ಲಿ ದೊಡ್ಡ ಲೇಖನವಾಯಿತು. ಯೋಚನೆ ಸೊಗಸಾದದ್ದು. ನೋಡ್‌ಗಳು ಗುಂಪು ಕಟ್ಟಿಕೊಳ್ಳಲಿ, ಗುಂಪಿನ ಮುಖಂಡ ಎಲ್ಲರ ಡೇಟಾ ಒಟ್ಟುಮಾಡಿ ದೂರದ ಬೇಸ್ ಸ್ಟೇಷನ್‌ಗೆ ಕಳಿಸಲಿ, ಆ ದುಬಾರಿ ಕೆಲಸ ಒಬ್ಬನ ತಲೆಗೇ ಬೀಳದಂತೆ ಮುಖಂಡತನ ಸರದಿಯಲ್ಲಿ ತಿರುಗಲಿ. 2002ರ ಲೇಖನದ ಸಿಮ್ಯುಲೇಷನ್‌ನಲ್ಲಿ ನೂರು ನೋಡ್‌ಗಳಿದ್ದವು, ನೂರು ಮೀಟರ್ ಚದರದ ಜಾಗವಿತ್ತು, ಬೇಸ್ ಸ್ಟೇಷನ್ ಅಂಚಿನಿಂದ 75 ಮೀಟರ್ ಆಚೆಗಿತ್ತು, ಪ್ರತಿ ನೋಡ್‌ಗೆ ಆರಂಭದ ಶಕ್ತಿ 2 ಜೌಲ್. ಏನೇನು ಊಹಿಸಿಕೊಂಡಿದ್ದೇವೆ ಎಂಬುದನ್ನು ಲೇಖಕರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ತಪ್ಪು ಅವರದಲ್ಲ. ಎರಡು ದಶಕ ಕಳೆದರೂ ಅದೇ ಊಹೆಗಳನ್ನು ಪ್ರಕೃತಿಯ ನಿಯಮಗಳೆಂಬಂತೆ ನಕಲು ಮಾಡಿಕೊಂಡು ಬಂದವರದ್ದು.

ಆ 2 ಜೌಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗಡಿಯಲ್ಲಿ ಸಿಗುವ ಎರಡು ಎಎ ಆಲ್ಕಲೈನ್ ಸೆಲ್‌ಗಳಲ್ಲಿ, ಒಂದೊಂದರಲ್ಲಿ 2,500 ಮಿಲಿಆಂಪ್-ಗಂಟೆ ಎಂದು ಹಿಡಿದರೆ, ಸುಮಾರು 27,000 ಜೌಲ್ ಶಕ್ತಿ ಇರುತ್ತದೆ. ಸಿಮ್ಯುಲೇಷನ್‌ನ ನೋಡ್‌ಗೆ ಸಿಕ್ಕಿದ್ದು ಅದರ ಹದಿಮೂರು ಸಾವಿರದಲ್ಲಿ ಒಂದು ಪಾಲು. ಕಂಪ್ಯೂಟರ್ ಲೆಕ್ಕ ಬೇಗ ಮುಗಿಯಲೆಂದು ಹೀಗೆ ಮಾಡಿದರೆ ತೊಂದರೆಯೇನಿಲ್ಲ ಅನ್ನಿಸಬಹುದು. ಆದರೆ ಈ ಕ್ಷೇತ್ರದಲ್ಲಿ ಬಹುಕಾಲ ಎಲ್ಲರೂ ಬಳಸಿದ ಸಿಸಿ2420 ರೇಡಿಯೋ ಚಿಪ್‌ನ ಡೇಟಾಶೀಟ್ ತೆರೆದು ನೋಡಿ. ಕಳಿಸುವಾಗ ಅದು ಎಳೆಯುವುದು 17.4 ಮಿಲಿಆಂಪ್, ಕೇಳಿಸಿಕೊಳ್ಳುವಾಗ 18.8. ಅಂದರೆ ಮಾತಾಡುವುದಕ್ಕಿಂತ ಕಿವಿ ತೆರೆದು ಕೂರುವುದೇ ದುಬಾರಿ. 3 ವೋಲ್ಟ್‌ನಲ್ಲಿ ಲೆಕ್ಕ ಹಾಕಿದರೆ 2 ಜೌಲ್‌ನ ನೋಡ್ ಯಾರ ಮಾತೂ ಕೇಳದೆ, ಯಾರಿಗೂ ಏನೂ ಹೇಳದೆ, ಬರೀ ಕಿವಿ ತೆರೆದುಕೊಂಡೇ 35 ಸೆಕೆಂಡಿಗೆ ಸಾಯುತ್ತದೆ. ನಿಜವಾದ ಎರಡು ಸೆಲ್ ಹಾಕಿದರೂ ಐದೂವರೆ ದಿನ. ಆದರೆ ನಮ್ಮ ಪ್ರಬಂಧಗಳು ಪುಟ ಪುಟವಾಗಿ ನಕಲಿಸುವ ಶಕ್ತಿಯ ಮಾದರಿಯಲ್ಲಿ, ಒಂದು ಬಿಟ್ ಕಳಿಸಲು ಇಷ್ಟು, ಪಡೆಯಲು ಇಷ್ಟು ಎಂಬ ಲೆಕ್ಕವಿದೆಯೇ ಹೊರತು, ಸುಮ್ಮನೆ ಕಾಯುತ್ತ ಕೂತದ್ದಕ್ಕೆ ಲೆಕ್ಕವೇ ಇಲ್ಲ.

ಇದರ ಪರಿಣಾಮ ನೋಡಿ. ರೇಡಿಯೋವನ್ನು ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿಟ್ಟರೆ ಅದೇ ಎರಡು ಸೆಲ್ ಒಂದೂವರೆ ವರ್ಷದವರೆಗೆ ಬರಬಹುದು. ನಿದ್ದೆಯನ್ನು ಸರಿಯಾಗಿ ಹೊಂದಿಸಿದರೆ ಆಯಸ್ಸು ನೂರು ಪಟ್ಟು. ಕ್ಲಸ್ಟರ್ ಹೆಡ್ ಆರಿಸುವ ಹೊಸ ಸೂತ್ರದಿಂದ ಶೇಕಡ ಹದಿನೈದೋ ಇಪ್ಪತ್ತೋ ಹೆಚ್ಚಿತು ಎಂದು ಗ್ರಾಫ್ ತೋರಿಸುವವರು ಈ ನೂರು ಪಟ್ಟನ್ನು ಲೆಕ್ಕದಿಂದಲೇ ಹೊರಗಿಟ್ಟು ಕೂತಿರುತ್ತಾರೆ. ವೈವಾದಲ್ಲಿ ಈ ಪ್ರಶ್ನೆ ಕೇಳಿದರೆ ವಿದ್ಯಾರ್ಥಿಗಿಂತ ಮೊದಲು ಗೈಡ್‌ನ ಮುಖ ಗಂಟಿಕ್ಕುತ್ತದೆ.

ರೇಡಿಯೋದ ವೃತ್ತಕ್ಕೆ ಬರೋಣ. 2003ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಿಂದ ಡೇವಿಡ್ ಕಾಟ್ಜ್, ಕಾಲ್ ನ್ಯೂಪೋರ್ಟ್, ಚಿಪ್ ಎಲಿಯಟ್ ಒಂದು ವರದಿ ಬರೆದರು. ವೈರ್‌ಲೆಸ್ ಸಂಶೋಧಕರು ಬಾಯಿಬಿಟ್ಟು ಹೇಳದೆ ನಂಬಿಕೊಂಡಿರುವ ಆರು ಸಂಗತಿಗಳನ್ನು ಅದರಲ್ಲಿ ಒಂದೊಂದಾಗಿ ಎತ್ತಿ ಪರೀಕ್ಷಿಸಿದರು: ನೆಲ ಚಪ್ಪಟೆಯಾಗಿದೆ, ರೇಡಿಯೋ ಹರಡುವ ಜಾಗ ವೃತ್ತಾಕಾರ, ಎಲ್ಲ ರೇಡಿಯೋಗಳ ವ್ಯಾಪ್ತಿಯೂ ಒಂದೇ, ನಿನ್ನ ಮಾತು ನನಗೆ ಕೇಳಿದರೆ ನನ್ನದೂ ನಿನಗೆ ಕೇಳುತ್ತದೆ, ಕೇಳಿದರೆ ಪೂರ್ತಿ ಕೇಳುತ್ತದೆ, ದೂರ ಹೆಚ್ಚಿದಂತೆ ಸಂಕೇತ ಸರಳ ಸೂತ್ರದ ಪ್ರಕಾರ ಇಳಿಯುತ್ತದೆ. ನಿಜವಾದ ಅಳತೆಯ ಮುಂದೆ ಆರೂ ಬಿದ್ದವು. ಅದಾದ ಮೇಲೂ ಆ ವೃತ್ತ ನಮ್ಮ ಪ್ರಬಂಧಗಳಲ್ಲಿ ಆರಾಮಾಗಿದೆ. ಮೊಬೈಲ್ ಅಡ್‌ಹಾಕ್ ನೆಟ್‌ವರ್ಕ್ ಎಂಬ ಪಕ್ಕದ ಮನೆಯ ಕಥೆಯೂ ಬೇರೆಯಲ್ಲ. ಮೊಬಿಹಾಕ್ ಸಮ್ಮೇಳನದಲ್ಲಿ 2000ದಿಂದ 2005ರವರೆಗೆ ಪ್ರಕಟವಾದ 151 ಲೇಖನಗಳಲ್ಲಿ 114 ಸಿಮ್ಯುಲೇಷನ್ ನೆಚ್ಚಿಕೊಂಡಿದ್ದವು. ಕೊಲೊರಾಡೋದ ಕುರ್ಕೋವ್‌ಸ್ಕಿ, ಕ್ಯಾಂಪ್, ಕೊಲಾಗ್ರೊಸೊ ಕೂತು ಪರಿಶೀಲಿಸಿದಾಗ, ಬೇರೆಯವರು ಮತ್ತೆ ಮಾಡಿ ನೋಡಬಹುದಾದಷ್ಟು ವಿವರ ಕೊಟ್ಟಿದ್ದವು ಶೇಕಡ 15ಕ್ಕಿಂತ ಕಡಿಮೆ. ಫೀಲ್ಡ್ ಗಜಿಬಿಜಿ, ಸಿಮ್ಯುಲೇಷನ್ ಶುದ್ಧ ವಿಜ್ಞಾನ ಎನ್ನುವವರು ಈ ಅಂಕಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಫೀಲ್ಡ್‌ಗೆ ಇಳಿದವರಿಗೆ ಏನು ಸಿಕ್ಕಿತು ನೋಡಿ. ನೆದರ್‌ಲೆಂಡ್ಸ್‌ನಲ್ಲಿ ಡೆಲ್ಫ್ಟ್‌ನ ಕೂನ್ ಲಾಂಗೆಂಡೂನ್ ಮತ್ತು ಜೊತೆಗಾರರು ಆಲೂಗಡ್ಡೆ ಹೊಲಕ್ಕೆ ನೋಡ್‌ಗಳನ್ನು ತೆಗೆದುಕೊಂಡು ಹೋದರು. ಫೈಟಾಫ್ತೊರಾ ಎಂಬ ರೋಗಾಣು ಆಲೂಗಡ್ಡೆ ಎಲೆಯನ್ನು ಸುಡುವ ಮೊದಲೇ, ಎಲೆಗಳ ನಡುವಿನ ತೇವ ಮತ್ತು ಬಿಸಿ ನೋಡಿ ಎಚ್ಚರಿಕೆ ಕೊಡುವುದು ಉದ್ದೇಶ. ಮೊದಲು ರೇಡಿಯೋ ಎಷ್ಟು ದೂರ ಹೋಗುತ್ತದೆಂದು ಅಳೆದರು. ಒದ್ದೆ ಎಲೆ ಸಂಕೇತವನ್ನು ನುಂಗುತ್ತದೆ ಎಂದು ನಾನೂ ನೀವೂ ಹೇಳುತ್ತೇವೆ. ಅವರಿಗೆ ಸಿಕ್ಕಿದ್ದು ಉಲ್ಟಾ: ತೇವ ಹೆಚ್ಚಿದ್ದಾಗ, ರಾತ್ರಿ ಹೊತ್ತು, ಮಳೆ ಬರುವಾಗ ಸಂಕೇತ ಇನ್ನೂ ಚೆನ್ನಾಗಿ ಹೋಯಿತು. ಯಾವ ಸಿಮ್ಯುಲೇಟರ್ ಇದನ್ನು ಹೇಳುತ್ತಿತ್ತು? ಅದಕ್ಕೆ ಗೊತ್ತಿರುವುದು ನಾವು ಅದಕ್ಕೆ ಹೇಳಿಕೊಟ್ಟದ್ದು ಮಾತ್ರ. ಆಮೇಲೆ ನೂರರಷ್ಟು ನೋಡ್‌ಗಳನ್ನು ಹೊಲದಲ್ಲಿಟ್ಟರು. ಬರಬೇಕಿದ್ದ ಡೇಟಾದಲ್ಲಿ ಕೈಗೆ ಸಿಕ್ಕಿದ್ದು ಶೇಕಡ 2. ಅವರು ಅದನ್ನು ಮುಚ್ಚಿಡಲಿಲ್ಲ. ಎಲ್ಲೆಲ್ಲಿ ಎಡವಿದೆವು ಎಂದು 2006ರಲ್ಲಿ, ಮರ್ಫಿಗೆ (ಕೆಡಬಹುದಾದದ್ದು ಕೆಟ್ಟೇ ತೀರುತ್ತದೆ ಎಂಬ ನಿಯಮದ ಮರ್ಫಿ) ಆಲೂಗಡ್ಡೆ ಇಷ್ಟ ಎಂಬ ಅರ್ಥದ ತಮಾಷೆಯ ತಲೆಬರಹ ಕೊಟ್ಟು ಬರೆದರು. ಆ ಶೇಕಡ 2ರ ವರದಿಯನ್ನು ಓದಿ ಕಲಿತವರು ಎಷ್ಟೋ ಜನ. ಗೆರೆ ಮೇಲಿರುವ ಗ್ರಾಫುಗಳನ್ನು ಓದಿ ಯಾರು ಏನು ಕಲಿತರು ಎಂದು ಕೇಳಿದರೆ ನನಗೆ ಉತ್ತರ ಸಿಕ್ಕಿಲ್ಲ.

ಅಮೆರಿಕದ ಮೇನ್ ತೀರದ ಗ್ರೇಟ್ ಡಕ್ ದ್ವೀಪದಲ್ಲಿ 2002ರಲ್ಲಿ ಕಡಲಹಕ್ಕಿಗಳ ಬಿಲಗಳಲ್ಲಿ ಸೆನ್ಸರ್ ಇಟ್ಟರು. ಅಲ್ಲಿನ ಪಾಠ ವಿಚಿತ್ರ: ತೇವಾಂಶದ ಸೆನ್ಸರ್ ಅಸಂಬದ್ಧ ಅಂಕಿ ಕೊಡಲು ಶುರುಮಾಡಿದರೆ ಆ ನೋಡ್ ಸಾಯುವ ದಿನ ಹತ್ತಿರವಾಯಿತು ಎಂದರ್ಥ, ಏಕೆಂದರೆ ಡಬ್ಬಿಯೊಳಗೆ ನೀರು ಹೊಕ್ಕಿದೆ. ಇನ್ನೊಂದು, ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ 70 ಮೀಟರ್ ಎತ್ತರದ ಒಂದೇ ಒಂದು ರೆಡ್‌ವುಡ್ ಮರ. 2004ರಲ್ಲಿ ಅದರ ಮೈಗೆ ಮೇಲಿಂದ ಕೆಳಗೆ ಸೆನ್ಸರ್ ಕಟ್ಟಿ 44 ದಿನ ಅಳೆದರು. ಬರಬೇಕಿದ್ದ ಅಂಕಿಗಳಲ್ಲಿ ಅರ್ಧವೂ ಬರಲಿಲ್ಲ. ಆದರೂ ಮರದ ಬುಡದಲ್ಲೊಂದು ಹವೆ, ತುದಿಯಲ್ಲೊಂದು ಹವೆ, ಅವುಗಳ ನಡುವಿನ ಗಡಿ ಹೊತ್ತು ಏರಿದಂತೆ ಹೇಗೆ ಸರಿಯುತ್ತದೆ ಎಂಬುದು ಆ ಅರ್ಧದಲ್ಲೇ ಕಂಡಿತು. ಕಾರಣ, ಪ್ರಶ್ನೆ ಗಿಡಮರದ ವಿಜ್ಞಾನಿಯದ್ದಾಗಿತ್ತು, ಮತ್ತು ಸೆನ್ಸರ್‌ಗಳನ್ನು ಮರಕ್ಕೆ ಕಟ್ಟುವ ಮೊದಲು ಅಳೆದು ಹೋಲಿಸಿ ನೋಡಿದ್ದರು. ಆ ಹೋಲಿಕೆಯ ಕೆಲಸ ನಮ್ಮ ಯಾವ ಸಿನಾಪ್ಸಿಸ್‌ನ ವೇಳಾಪಟ್ಟಿಯಲ್ಲಿ ಬರುತ್ತದೆ?

ಈಗ ನಮ್ಮ ಕಡೆಗೆ ಬರೋಣ. ಆಲೂಗಡ್ಡೆಯನ್ನು ಸುಡುವ ಆ ಫೈಟಾಫ್ತೊರಾದ ಬಂಧುವೇ ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡಿಕೆಗೆ ಕೊಳೆರೋಗ ತರುವುದು. ಅದಕ್ಕೊಂದು ಹಳೆಯ ಸಂಶೋಧನೆಯ ಚರಿತ್ರೆಯೂ ಇದೆ. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಮೇಲೆ ಬುಲೆಟಿನ್ ಬರೆದು, ರೋಗಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿ, ಬೋರ್ಡೋ ದ್ರಾವಣ ಸಿಂಪಡಿಸುವ ದಾರಿ ತೋರಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇಂದಿಗೂ ತೋಟಗಳಲ್ಲಿ ಹೊಡೆಯುವ ಮದ್ದು ಅದೇ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಇನ್ನೊಂದು ಸಲ. ಎರಡನೆಯ ಸಲದ್ದೇ ಕಷ್ಟ. ಆಗ ಮಳೆ ಜೋರಾಗಿರುತ್ತದೆ, ಹೊಳವು ಸಿಗುವುದು ಒಂದೆರಡು ದಿನ, ಮರ ಹತ್ತಿ ಮದ್ದು ಹೊಡೆಯುವ ಊರಿನ ಕೊನೆಗಾರ ಒಬ್ಬನಾದರೆ ಅವನಿಗಾಗಿ ಕಾದಿರುವ ತೋಟಗಳು ಹತ್ತು. ಈ ವಾರವೇ ಮದ್ದು ಹೊಡೆಸಲೇ, ಇನ್ನು ಹತ್ತು ದಿನ ತಡೆಯಬಹುದೇ? ಬೆಳೆಗಾರ ಕೇಳುವುದು ಇಷ್ಟೇ. ಸಂಶೋಧನೆಯ ಯೋಜನೆ ಶುರುವಾಗಬೇಕಾದದ್ದೂ ಇಂಥ ಒಂದು ಪ್ರಶ್ನೆಯಿಂದ. ರೂಟಿಂಗ್ ಪ್ರೋಟೋಕಾಲ್‌ನಿಂದ ಶುರು ಮಾಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ.

ಈ ಪ್ರಶ್ನೆ ಹಿಡಿದರೆ ಮೊದಲು ಎದುರಾಗುವುದು ನೆಟ್‌ವರ್ಕ್ ಅಲ್ಲ, ಸೆನ್ಸರ್. ಕೊಳೆರೋಗ ಹಬ್ಬುವುದು ಗಾಳಿಯ ತೇವಾಂಶ ಶೇಕಡ 90 ದಾಟಿದಾಗ, ಹವೆ ತಣ್ಣಗಿದ್ದಾಗ, ಅಡಿಕೆಯ ಕೊನೆ ಒದ್ದೆಯಾಗಿಯೇ ಉಳಿದಾಗ. ನಮ್ಮ ಪ್ರಾಜೆಕ್ಟ್‌ಗಳ ಮುದ್ದಿನ ಸೆನ್ಸರ್ ಎಂದರೆ ಡಿಎಚ್‌ಟಿ11, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದ ಕೂಡಲೇ ಕೈಗಿಡುವ ನೀಲಿ ಪ್ಲಾಸ್ಟಿಕ್ಕಿನ ಜಾಲರಿ ಡಬ್ಬಿ. ಅದರ ಡೇಟಾಶೀಟ್ ಪ್ರಕಾರ ಅದು ತೇವಾಂಶ ಅಳೆಯುವುದು 20ರಿಂದ ಹೆಚ್ಚೆಂದರೆ 90ರವರೆಗೆ, ಅದೂ ಐದು ಅಂಶ ಆಚೀಚೆ. ಅಂದರೆ ಪ್ರಶ್ನೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಈ ಸೆನ್ಸರ್ ಕುರುಡು. ಒಂದು ಕಾಲೇಜಿನ ವೈವಾದಲ್ಲಿ ತೋಟದ ಹವೆ ಅಳೆದ ಗ್ರಾಫ್ ತೋರಿಸಿದರು. ವಾರಗಟ್ಟಲೆ ಒಂದೇ ಅಂಕಿಗೆ ಅಂಟಿ ಕೂತ ನೇರ ಗೆರೆ. ಕೆಳಗೆ ಬರೆದಿದ್ದ ಟಿಪ್ಪಣಿಯ ಸಾರ: ತೇವಾಂಶ ಸ್ಥಿರವಾಗಿತ್ತು, ವ್ಯವಸ್ಥೆ ನಂಬಲರ್ಹ. ಡೇಟಾ ಒಂದೂ ಕಳೆದುಹೋಗದಂತೆ ತಲುಪಿಸಿದ ನೆಟ್‌ವರ್ಕ್ ಅದು. ತಲುಪಿಸಿದ್ದು ಮಾತ್ರ ಕಸ.

ಇನ್ನೂ ಒಳ್ಳೆಯ ಸೆನ್ಸರ್ ತಂದರೆ ಮುಗಿಯಿತೇ? ಇಲ್ಲ. ಹನಿಗಟ್ಟಿದ ಮೇಲೆ ತೇವಾಂಶದ ಸೆನ್ಸರ್ ಒಣಗಲು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ 100 ಎಂದೇ ಹೇಳುತ್ತಿರುತ್ತದೆ. ವಾರಗಟ್ಟಲೆ ಒದ್ದೆ ಹವೆಯಲ್ಲಿದ್ದರೆ ಅಂಕಿ ಮೆಲ್ಲಗೆ ಜಾರತೊಡಗುತ್ತದೆ. ಅದಕ್ಕೇ ಎಸ್‌ಎಚ್‌ಟಿ31ರಂಥ ಚಿಪ್‌ಗಳ ಒಳಗೆ ಸಣ್ಣ ಹೀಟರ್ ಇಟ್ಟಿರುತ್ತಾರೆ. ಅದನ್ನು ಯಾವಾಗ, ಎಷ್ಟು ಹೊತ್ತು ಉರಿಸಬೇಕು, ಉರಿಸಿದರೆ ಬ್ಯಾಟರಿ ಏನಾಗುತ್ತದೆ ಎಂಬುದು ಒಬ್ಬ ಎಂ.ಟೆಕ್. ವಿದ್ಯಾರ್ಥಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ಸಂಶೋಧನೆ. ಹೋಲಿಸಿ ನೋಡಲು ದೊಡ್ಡ ಲ್ಯಾಬ್ ಬೇಕೆಂದೂ ಇಲ್ಲ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಅಡುಗೆ ಉಪ್ಪಿಗೆ ಸ್ವಲ್ಪ ನೀರು ಬೆರೆಸಿದ ಕೆಸರನ್ನಿಟ್ಟು ಮುಚ್ಚಿದರೆ, ಒಳಗಿನ ಗಾಳಿಯ ತೇವಾಂಶ 75ರ ಸುಮಾರಿಗೆ ಬಂದು ನಿಲ್ಲುತ್ತದೆ. ಪೊಟ್ಯಾಸಿಯಂ ಸಲ್ಫೇಟಿನ ಕೆಸರಾದರೆ 97ರ ಹತ್ತಿರ. ಸೆನ್ಸರನ್ನು ಎರಡರಲ್ಲೂ ಒಂದೊಂದು ದಿನ ಬಿಟ್ಟು ಏನು ಹೇಳುತ್ತದೆ ಎಂದು ಬರೆದುಕೊಳ್ಳಿ. ಮಳೆಗಾಲ ಮುಗಿಸಿ ಬಂದ ಮೇಲೆ ಮತ್ತೆ ಅದೇ ಡಬ್ಬಿಗಳಲ್ಲಿಡಿ. ಮೊದಲಿನ ಅಂಕಿಗೂ ನಂತರದ್ದಕ್ಕೂ ಇರುವ ಅಂತರವೇ ನಿಮ್ಮ ಪ್ರಬಂಧದ ಅತಿ ಮುಖ್ಯ ಕೋಷ್ಟಕ. ಮಣ್ಣಿನ ತೇವಕ್ಕೆಂದು ಚುಚ್ಚುವ ಎರಡು ಕಾಲಿನ ಅಗ್ಗದ ಸೆನ್ಸರ್‌ಗಳ ವಿಷಯ ನಾನು ಎತ್ತುವುದೇ ಇಲ್ಲ. ಕರೆಂಟ್ ಹರಿದು ಹರಿದು ಆ ಕಾಲುಗಳೇ ಕೆಲವು ವಾರಗಳಲ್ಲಿ ಕರಗಿ ಹೋಗುತ್ತವೆ.

ಆಮೇಲೆ ಸೆನ್ಸರ್ ಎಲ್ಲಿರಬೇಕು ಎಂಬ ಮಾತು. ಅಡಿಕೆ ಕೊನೆ ಇರುವುದು ಮರದ ತುದಿಯಲ್ಲಿ, ನಲವತ್ತೋ ಐವತ್ತೋ ಅಡಿ ಮೇಲೆ. ವಿದ್ಯಾರ್ಥಿ ಸೆನ್ಸರ್ ಕಟ್ಟುವುದು ಕೈಗೆಟುಕುವಲ್ಲಿ, ಮರದ ಬುಡದಲ್ಲಿ. ಎರಡೂ ಕಡೆಯ ಹವೆ ಒಂದೇ ಎಂದು ಯಾರು ಹೇಳಿದರು? ರೆಡ್‌ವುಡ್‌ನಲ್ಲಿ ಒಂದೇ ಅಲ್ಲ ಎಂದು ಕಂಡಿದೆ. ಅಡಿಕೆ ತೋಟ ಕಣಿವೆಯಲ್ಲಿರುತ್ತದೆ. ತಗ್ಗಿನ ಸಾಲಿಗೂ ಮೇಲಿನ ಸಾಲಿಗೂ ಬಿಸಿಲು ಬೀಳುವ ಹೊತ್ತು ಬೇರೆ, ಇಬ್ಬನಿ ಆರುವ ಹೊತ್ತು ಬೇರೆ. ಹಾಗಾದರೆ ನೋಡ್ ಎಷ್ಟು ಬೇಕು? ಒಂದು ಮರದ ತುದಿಗೊಂದು, ಅದರ ಬುಡಕ್ಕೊಂದು, ತೋಟದ ಇನ್ನೊಂದು ತುದಿಯ ಮರಕ್ಕೊಂದು. ಮೂರು ಸಾಕು ಶುರುವಿಗೆ. ಮೂರೂ ಒಂದೇ ಮಾತು ಹೇಳಿದರೆ ನಾಲ್ಕನೆಯದು ದಂಡ. ಬೇರೆ ಬೇರೆ ಹೇಳಿದರೆ ನಾಲ್ಕನೆಯದನ್ನು ಎಲ್ಲಿಡಬೇಕೆಂದು ಆ ವ್ಯತ್ಯಾಸವೇ ತೋರಿಸುತ್ತದೆ. ನೂರು ಎಂಬ ಸಂಖ್ಯೆ ಬಂದದ್ದು ಯಾವ ತೋಟದಿಂದ ಎಂದು ಕೇಳುವ ಧೈರ್ಯ ವಿದ್ಯಾರ್ಥಿಗೆ ಬರಬೇಕು.

ಮೂರೇ ನೋಡ್ ಆದರೆ ನೆಟ್‌ವರ್ಕ್ ಎಲ್ಲಿ ಉಳಿಯಿತು ಎಂಬ ಆಕ್ಷೇಪ ಬರುತ್ತದೆ. ಉಳಿಯಬೇಕೆಂದು ಹಟವೇಕೆ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಮ್ಮ ಕಣ್ಣೆದುರಿಗೇ ಇದೆ. 1988ರಲ್ಲಿ ಬರಗಾಲ ಉಸ್ತುವಾರಿ ಘಟಕವಾಗಿ ಹುಟ್ಟಿದ ಆ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನಿಲ್ಲಿಸಿದೆ. ಸೋಲಾರ್ ಫಲಕ, ಬ್ಯಾಟರಿ, ಮೊಬೈಲ್ ಸಿಮ್. ಕಾಲು ಗಂಟೆಗೊಮ್ಮೆ ಅಂಕಿ ನೇರ ಯಲಹಂಕಕ್ಕೆ. ಅಲ್ಲಿ ಕ್ಲಸ್ಟರ್ ಹೆಡ್ ಇಲ್ಲ, ಡೇಟಾವನ್ನು ನೋಡ್‌ನಿಂದ ನೋಡ್‌ಗೆ ದಾಟಿಸುವ ಮಲ್ಟಿಹಾಪ್ ಇಲ್ಲ. ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಮಳೆ ಕೇಳುವ ರೈತನಿಗೆ ಅವು ಬೇಕಾಗಿಯೂ ಇಲ್ಲ. ಪ್ರೋಟೋಕಾಲ್ ಪಂಡಿತರ ದೃಷ್ಟಿಯಲ್ಲಿ ಇದು ಸೆನ್ಸರ್ ನೆಟ್‌ವರ್ಕೇ ಅಲ್ಲವೇನೋ.

ಮಲ್ಟಿಹಾಪ್ ಎಲ್ಲಿಯೂ ಬೇಡ ಎಂದು ನಾನು ಹೇಳುತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಕಂಪನ ಅಳೆಯಲು ಬರ್ಕ್‌ಲಿಯವರು 64 ನೋಡ್‌ಗಳನ್ನು ಸೇತುವೆಯುದ್ದಕ್ಕೂ ಇಟ್ಟಾಗ ಡೇಟಾ 46 ಹೆಜ್ಜೆ ದಾಟಿ ಬರಬೇಕಾಯಿತು. ಸೇತುವೆಯ ಆಕಾರವೇ ಹಾಗೆ ಮಾಡಿಸಿತು. ಅಲ್ಲಿ ರೂಟಿಂಗ್ ಮೇಲೆ ತಲೆ ಕೆಡಿಸಿಕೊಂಡದ್ದು ನ್ಯಾಯ, ಏಕೆಂದರೆ ಪ್ರಶ್ನೆ ಅದನ್ನು ಕೇಳಿತು. ನಮ್ಮಲ್ಲಿ ರೂಟಿಂಗ್ ಮೊದಲೇ ನಿಶ್ಚಯವಾಗಿರುತ್ತದೆ, ಅದಕ್ಕೆ ತಕ್ಕ ಪ್ರಶ್ನೆಯನ್ನು ಪೀಠಿಕೆಗಾಗಿ ಆಮೇಲೆ ಹುಡುಕಲಾಗುತ್ತದೆ.

ಹೀಗೆ ಪ್ರಶ್ನೆಯಿಂದ ಶುರು ಮಾಡಿದವರು ನಮ್ಮಲ್ಲಿ ಯಾರಿದ್ದಾರೆ ಎನ್ನುವಂತಿಲ್ಲ. 2000ದ ದಶಕದ ನಡುವೆ ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚನ್ನಕೇಶವಪುರದ ಸುತ್ತ ಕಾಮನ್‌ಸೆನ್ಸ್ ನೆಟ್ ಎಂಬ ಯೋಜನೆ ನಡೆಸಿದವು. ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಸೀಮೆ. ಅವರು ಮೊದಲು ಮಾಡಿದ್ದು ನೋಡ್ ನೆಡುವ ಕೆಲಸವಲ್ಲ. ಹಳ್ಳಿಗಳಿಗೆ ಹೋಗಿ ನಿಮಗೆ ಯಾವ ಮಾಹಿತಿ ಬೇಕು ಎಂದು ಕೇಳುವ ಸಮೀಕ್ಷೆ. ಯಾವ ತಳಿ, ಯಾವಾಗ ಬಿತ್ತನೆ, ಯಾವಾಗ ಕೊಯ್ಲು, ರೋಗಕ್ಕೆ ಏನು ಮುಂಜಾಗ್ರತೆ ಎಂಬ ಅಪಾಯದ ಲೆಕ್ಕಾಚಾರಗಳು ಮುಂದೆ ಬಂದವು. ಸೆನ್ಸರ್ ಏನು ಅಳೆಯಬೇಕು ಎಂಬುದು ಅಲ್ಲಿಂದ ಹೊರಟಿತು. ಹೀಗಿರುವಾಗ ತುಮಕೂರಿಗೂ ಬೆಂಗಳೂರಿಗೂ ನಡುವಿನ ಹೆದ್ದಾರಿಯ ಕಾಲೇಜುಗಳಲ್ಲೇ ‘ನಿಖರ ಕೃಷಿಗಾಗಿ ಸುಧಾರಿತ ಲೀಚ್’ ಎಂಬ ತಲೆಬರಹದ ವರದಿಗಳು, ಪಾವಗಡದ ಹೆಸರೂ ಎತ್ತದೆ, ಬೈಂಡ್ ಆಗಿ ಕಪಾಟು ಸೇರುವುದನ್ನು ನೋಡಿದರೆ ಸಿಟ್ಟು ಬರದೆ ಇರುತ್ತದೆಯೇ?

ಇನ್ನು ಹಣದ ಮಾತು. ಫೀಲ್ಡ್ ಎಂದರೆ ಲಕ್ಷಗಟ್ಟಲೆ ಎಂಬುದು ಮೋಟ್ ಎಂಬ ಸಿದ್ಧ ನೋಡ್‌ಗಳನ್ನು ಅಮೆರಿಕದಿಂದ ತರಿಸುತ್ತಿದ್ದ ಕಾಲದ ಮಾತು. ಮೈಕ್ರೋಕಂಟ್ರೋಲರ್ ಬೋರ್ಡ್, ಲೋರಾ ರೇಡಿಯೋ ಮಾಡ್ಯೂಲ್ ಎರಡೂ ಈಗ ನೂರುಗಳ ಲೆಕ್ಕದಲ್ಲಿ ಸಿಗುತ್ತವೆ. ಕೊಳ್ಳುವಾಗ ಒಂದು ಎಚ್ಚರ: ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 865 ಮೆಗಾಹರ್ಟ್ಸ್‌ನಿಂದ ಶುರುವಾಗುವ ಸಣ್ಣ ಪಟ್ಟಿ. ಅಂಗಡಿಯವನು 915ರ ಮಾಡ್ಯೂಲ್ ಕೊಟ್ಟರೆ ಅದು ಅಮೆರಿಕದ್ದು, ವಾಪಸ್ ಕೊಡಿ. ಇಂಥ ವಿವರ ಗೈಡ್‌ಗೆ ಗೊತ್ತಿರಬೇಕು. ಬೇಸ್ ಪೇಪರ್‌ನಲ್ಲಿ ಇರುವುದಿಲ್ಲ. ನಿಜವಾದ ಖರ್ಚು ಬೇರೆ ಕಡೆ ಇದೆ, ಅದನ್ನು ಬಜೆಟ್ಟಿನಲ್ಲಿ ಯಾರೂ ಬರೆಯುವುದಿಲ್ಲ: ಬಸ್ ಚಾರ್ಜು, ನೀರು ಹೊಗದ ಡಬ್ಬಿ, ಮರ ಹತ್ತುವವನ ಕೂಲಿ, ಕೊಯ್ಲಿನಲ್ಲಿ ಸೆನ್ಸರ್ ಸಮೇತ ಕೆಳಗೆ ಬಿದ್ದದ್ದಕ್ಕೆ ಬದಲಿ. ಪ್ರಸ್ತಾವನೆಯಲ್ಲಿ ಸಾಫ್ಟ್‌ವೇರ್ ಲೈಸೆನ್ಸ್‌ಗೆ ಹಣ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಕೊನೆಗಾರನ ಕೂಲಿ ಎಂದು ಒಂದು ಸಾಲು ಬರೆದು ನೋಡಿ.

ಪೇಪರ್ ಹೇಗೆ ಬರುತ್ತದೆ ಎಂದು ಅಂಜುವವರಿಗೆ ಆಲೂಗಡ್ಡೆಯ ಶೇಕಡ 2 ನೆನಪಿಸುತ್ತೇನೆ. 2005ರಲ್ಲಿ ಈಕ್ವೆಡಾರ್‌ನ ರೆವೆಂಟಡೋರ್ ಜ್ವಾಲಾಮುಖಿಯ ಮೇಲೆ ಹಾರ್ವರ್ಡ್‌ನವರು 16 ನೋಡ್‌ಗಳನ್ನು 19 ದಿನ ಇಟ್ಟು, ಗಡಿಯಾರ ಹೊಂದಾಣಿಕೆ ಕೈಕೊಟ್ಟದ್ದನ್ನೂ ಬಿಡದೆ ಬರೆದ ಲೇಖನ ಆಪರೇಟಿಂಗ್ ಸಿಸ್ಟಂ ಕ್ಷೇತ್ರದ ಮೇಲ್ಮಟ್ಟದ ಸಮ್ಮೇಳನದಲ್ಲೇ ಬಂತು. ಹದಿನಾರು ನೋಡ್, ಹತ್ತೊಂಬತ್ತು ದಿನ. ದುಡ್ಡು ಕಟ್ಟಿದರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿಗೆ ಮಾತ್ರ ನೂರು ನೋಡ್‌ಗಳ ಬಯಲು ಬೇಕು. ಹತ್ತು ಸಾವಿರ ನೋಡ್‌ಗಳಲ್ಲಿ ಏನಾಗುತ್ತದೆ ಎಂದು ತಿಳಿಯಲು ಸಿಮ್ಯುಲೇಷನ್ ಬಿಟ್ಟರೆ ಗತಿಯಿಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಆ ಸಿಮ್ಯುಲೇಷನ್‌ಗೆ ಹಾಕುವ ಅಂಕಿ, ಸಂಕೇತ ಎಷ್ಟು ಸಲ ತಪ್ಪಿತು, ಸೆಲ್ ಎಷ್ಟು ದಿನ ಬಂತು, ಸೆನ್ಸರ್ ಎಷ್ಟು ಜಾರಿತು ಎಂಬುದೆಲ್ಲ ಮೂರು ನೋಡ್‌ಗಳ ತೋಟದಿಂದ ಬಂದಿರಲಿ.

ಸಮಯ ಸಾಲದು ಎಂಬ ದೂರಿನಲ್ಲಿ ಮಾತ್ರ ಹುರುಳಿದೆ, ಆದರೆ ಅದು ಫೀಲ್ಡ್‌ನ ತಪ್ಪಲ್ಲ, ಕ್ಯಾಲೆಂಡರಿನದು. ಏಳನೇ ಸೆಮಿಸ್ಟರ್‌ನಲ್ಲಿ ವಿಷಯ ಆರಿಸಿ ಎಂಟನೆಯದರ ಕೊನೆಗೆ ವರದಿ ಒಪ್ಪಿಸುವ ಕ್ರಮದಲ್ಲಿ, ಮುಂಗಾರು ಹಿಡಿಯುವ ಹೊತ್ತಿಗೆ ಸರಿಯಾಗಿ ವಿದ್ಯಾರ್ಥಿ ಕಾಲೇಜು ಬಿಟ್ಟು ಹೊರಟಿರುತ್ತಾನೆ. ಮಳೆಗಾಲದ ರೋಗದ ಮೇಲೆ ಬೇಸಿಗೆಯಲ್ಲಿ ಸಂಶೋಧನೆ. ಹಾಗಾಗಿ ಕೊಳೆರೋಗದ ಪ್ರಾಜೆಕ್ಟ್ ಆರನೇ ಸೆಮಿಸ್ಟರ್‌ನಲ್ಲೇ ಶುರುವಾಗಬೇಕು. ಮಾರ್ಚ್‌ನಲ್ಲಿ ತೋಟ ನೋಡಿ ಯಜಮಾನರನ್ನು ಮಾತಾಡಿಸಿ ಬರುವುದು, ಏಪ್ರಿಲ್‌ನಲ್ಲಿ ಉಪ್ಪಿನ ಡಬ್ಬಿಯ ಪರೀಕ್ಷೆ, ಮೇ ತಿಂಗಳಲ್ಲಿ ನೋಡನ್ನು ಹಾಸ್ಟೆಲ್ ತಾರಸಿಯ ಮೇಲಿಟ್ಟು, ಅಂಕಿಯನ್ನು ಮೆಮೊರಿ ಕಾರ್ಡಿಗೂ ಬರೆದುಕೊಳ್ಳುತ್ತಿದೆಯೇ ಎಂದು ನೋಡುವುದು. ಮೊದಲ ಮದ್ದು ಹೊಡೆಯಲು ಕೊನೆಗಾರ ಮರ ಹತ್ತುವ ದಿನವೇ ಸೆನ್ಸರ್ ಕೂಡ ಅವನ ಜೊತೆ ಮೇಲೆ ಹೋಗಬೇಕು. ಆ ದಿನ ತಪ್ಪಿದರೆ ಅವನು ಮತ್ತೆ ಹತ್ತುವುದು ನಲವತ್ತು ದಿನ ಕಳೆದ ಮೇಲೆ.